ಲಾರಿ ದಾರಿಯ ಹುರುಳಿ

ಸಾಸ್ವೆಹಳ್ಳಿಯಲ್ಲಿ ನಮ್ಮ ಪಕ್ಕದ ಹೊಲದಾಕೆ ಮಾತಾಡುವ ಮುಂಚೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ರಸ್ತೆಗೆಂದು ಗರಸುಮಣ್ಣು ತೆಗೆದವರು ಹೊಳೆದಂಡೆಯ ಅವಳ ಜಮೀನನ್ನು ಅಗೆದು ಹೋದ ಮೇಲೆ, ಕೆರೆಯ ಗೋಡುಮಣ್ಣು ಹೊತ್ತು ತಂದು ತುಂಬಿದಳು. ಯಾರಾದರೂ ಗುಂಡಿ ಎಂದರೆ, "ಗುಂಡಿ ಅಲ್ರೀ, ಹೊಲ" ಎನ್ನುವಳು. ಹೊಲದೊಳಗೆ ಲಾರಿ ಓಡಾಡಿ ಗಟ್ಟಿಯಾಗಿದ್ದ ದಾರಿಯನ್ನೂ ಕೆದಕಿ ಹುರುಳಿ ಬಿತ್ತಿದಳು.

ಹುರುಳಿ ಎರಡೆಲೆ ಬಿಟ್ಟಾಗ, ಉಳಿದ ಗರಸಿಗೆಂದು ಲಾರಿ ಮತ್ತೆ ಬಂತು. ಮೊದಲ ಸಾಲು ಗಾಲಿಗೆ ಸಿಕ್ಕಿತು. ಮುಂದಿನ ಸಾಲಿನಲ್ಲಿ ಅವಳು ಮೊಳಕೆ ಬಾರದ ಕಡೆ ಮತ್ತೆ ಬೀಜ ಊರುತ್ತ ಕೂತೇ ಇದ್ದಳು. ಬಂಪರು ಅವಳ ಬೆನ್ನಿಗೆ ಮೊಳದಷ್ಟು ಹತ್ತಿರ ನಿಂತಿತು. ಎಂಜಿನ್ ಗುರುಗುಡುತ್ತಲೇ ಇತ್ತು.

"ಏಳಮ್ಮ, ಲಾರಿ ದಾರಿ ಇದು!" ಡ್ರೈವರ್ ಕೂಗಿದ.

ಅವಳು ಎದ್ದು ಸೆರಗು ಸಿಕ್ಕಿಸಿದಳು. "ದಾರಿ ಅಲ್ರೀ, ಹೊಲ. ತುಳಿದ ಸಾಲು ನೀವೇ ಬಿತ್ತಿ ಹೋಗ್ರಿ" ಎಂದು ಹಿಡಿ ಬೀಜ ಚಾಚಿದಳು.

ಅವನು ಎಂಜಿನ್ ನಿಲ್ಲಿಸಿದ. ಇಳಿದು, ಚಪ್ಪಲಿ ಕಳಚಿಟ್ಟು, ಕೈಯೊಡ್ಡಿದ.