ಚಪ್ಪಲಿ ಕಾಯುವವರೂ ಫೋಟೋದೊಳಗೆ

ಬೆಳಗಿನ ಐದೂವರೆ. ಸಮುದ್ರ ಇನ್ನೂ ಸ್ಲೇಟಿನ ಬಣ್ಣದಲ್ಲಿದೆ. ನೀರಿನಂಚಿನಲ್ಲಿ ಒಬ್ಬ ಹೆಂಗಸು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಉದ್ದ ಹಿಡಿಯ ಪೊರಕೆಯಿಂದ ಮರಳು ಗುಡಿಸುತ್ತಿದ್ದಾರೆ. ನಿನ್ನೆಯವರ ಹೆಜ್ಜೆ, ನಾಯಿ ಓಡಾಡಿದ ಗುರುತು, ಐಸ್‌ಕ್ರೀಮ್ ಕಡ್ಡಿ ಎಲ್ಲ ಹೋಗಿ ಹನ್ನೆರಡು ಹೆಜ್ಜೆ ಅಗಲದ ಜಾಗ ಇಸ್ತ್ರಿ ಹಾಕಿದ ಹಾಗೆ ನಯವಾಗುತ್ತದೆ. ಆಮೇಲೆ ಪೊರಕೆಯನ್ನು ಗಂಡನ ಕೈಗೆ ಕೊಟ್ಟು ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಳ್ಳುತ್ತಾರೆ.

"ಕಡಲು ಗುಡಿಸೋ ಹುಚ್ಚಿ ಅಂತಾರೆ ನನ್ನ. ಅನ್ನಲಿ. ಬೇರೆಯವರ ಹೆಜ್ಜೆ ಮೇಲೆ ಫೋಟೋಗೆ ಬಂದವರನ್ನ ಯಾಕೆ ನಿಲ್ಲಿಸ್ಲಿ?" ಎನ್ನುತ್ತಾರೆ.

ಈ ದಡದಲ್ಲಿ ಎಲ್ಲರಿಗೂ ಅವರು ಫೋಟೋ ಅಕ್ಕ. ವಯಸ್ಸು ಐವತ್ತಾರು. ಇಪ್ಪತ್ತೊಂಬತ್ತು ವರ್ಷಗಳಿಂದ ಇಲ್ಲಿ ಮನೆಮಂದಿಯನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಾರೆ. ಎಷ್ಟೋ ಮನೆಗಳ ಗೋಡೆಯ ಮೇಲೆ ಅವರ ಕೆಲಸ ತೂಗುತ್ತಿದೆ, ತೆಗೆದವರು ಯಾರು ಎಂದು ಕೇಳಿದರೆ ಮನೆಯವರು ತಲೆ ಕೆರೆದುಕೊಳ್ಳುತ್ತಾರೆ. ನಾನೇನು ಕಮ್ಮಿಯಲ್ಲ. ನಮ್ಮ ಮನೆಯ ಬೈಠಕ್ಕಿನಲ್ಲಿ ಅಪ್ಪ, ಅಮ್ಮ, ನಾನು ಮೂವರೂ ಗಾಳಿಗೆ ಕೂದಲು ಕೆದರಿಕೊಂಡು ನಗುವ ಫೋಟೋ ಇಪ್ಪತ್ತು ವರ್ಷಗಳಿಂದ ಇದೆ. ಕಳೆದ ತಿಂಗಳು ಗಾಜು ಒರೆಸಲು ಇಳಿಸಿದಾಗಷ್ಟೇ ಹಿಂದಿನ ರಟ್ಟಿನ ಮೇಲೆ ಅವರ ಮೊಹರು ಕಂಡಿತು. ನಾಚಿಕೆಯಾಗಿ ಹುಡುಕಿಕೊಂಡು ಬಂದೆ.

ಅವರ ಕೆಲಸಕ್ಕೆ ಸಿಗುವ ಬೆಳಕು ದಿನಕ್ಕೆ ಇಪ್ಪತ್ತೈದೇ ನಿಮಿಷ. ದಡದ ಹಿಂದಿನ ಮನೆಗಳ ಛಾವಣಿಯನ್ನು ಸೂರ್ಯ ದಾಟಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಮುಖ ಹುಳಿ ತಿಂದವರಂತಾಗುತ್ತದೆ. ಅಷ್ಟರೊಳಗೆ ಮುನ್ನೂರು ಬಾರಿ ಕ್ಲಿಕ್ಕಿಸಿದರೆ ಹನ್ನೆರಡು ಒಪ್ಪುವಂತಿರುತ್ತವೆ, ಗೋಡೆಗೆ ಏರುವುದು ಒಂದು. "ಮನೆಯವರನ್ನ ನಿಲ್ಲಿಸೋದೇ ದೊಡ್ಡ ಕೆಲಸ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಇಲ್ಲಿ ನೀರೂ ಪಕ್ಕದಲ್ಲೇ ಇದೆ!"

ಕ್ಯಾಮೆರಾ ಅವರ ಕೈಗೆ ಸುಲಭವಾಗಿ ಬರಲಿಲ್ಲ. ಹದಿನೆಂಟನೆಯ ವಯಸ್ಸಿಗೆ ಪೇಟೆಯ ಸ್ಟುಡಿಯೋ ಒಂದರಲ್ಲಿ ಫೋಟೋ ತೊಳೆದು ಹಗ್ಗಕ್ಕೆ ಸಿಕ್ಕಿಸುವ ಕೆಲಸಕ್ಕೆ ಸೇರಿದವರು. ಒಂಬತ್ತು ವರ್ಷ ಯಜಮಾನರು ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. "ಒಳ್ಳೇದೇ ಆಯ್ತು. ಅವರ ತಪ್ಪೆಲ್ಲ ನನ್ನ ಕೈಯಲ್ಲೇ ತೊಳೆದು ಒಣಗ್ತಾ ಇತ್ತಲ್ಲ, ನೋಡಿ ನೋಡಿ ಕಲಿತೆ." ಬಸ್ ಓಡಿಸುತ್ತಿದ್ದ ಗಂಡ ಮೊದಲ ಹಳೆಯ ಕ್ಯಾಮೆರಾ ತಂದುಕೊಟ್ಟರು. ಎರಡು ಕ್ಯಾಮೆರಾಗಳು ಮರಳು ನುಂಗಿ ಕೈಕೊಟ್ಟವು. ಈಗಿನದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ಹಾಕಿ ಕೂಸಿನಂತೆ ನೋಡಿಕೊಳ್ಳುತ್ತಾರೆ. ಮೊಬೈಲು ಬಂದ ಮೇಲೆ ಗಿರಾಕಿ ಅರ್ಧವಾದರು, ಮಂಡಿ ನೋವು ಎರಡರಷ್ಟಾಯಿತು. ಆದರೂ ಬೆಳಗಿನ ಪೊರಕೆ ನಿಂತಿಲ್ಲ.

ಅವರದು ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಗೋಡೆಯಲ್ಲಿ ಒಂದೇ ಒಂದು ಫೋಟೋ, ಅದೂ ಬೇರೆಯವರ ಮನೆಯವರದು. ಹದಿನಾರು ಮಂದಿ ಚಂದವಾಗಿ ನಿಂತಿದ್ದಾರೆ, ಅಲೆ ಚಂದವಾಗಿದೆ, ಬೆಳಕಂತೂ ಬೆಣ್ಣೆ. ನಿಮ್ಮ ಅತ್ಯುತ್ತಮ ಕೆಲಸವೇ ಎಂದು ಕೇಳಿ ನಾನು ಪೇಚಿಗೆ ಸಿಕ್ಕಿದೆ.

"ಅತ್ಯುತ್ತಮ ಅಲ್ಲಪ್ಪ, ಅದು ನನ್ನ ತಪ್ಪು. ದಿನಾ ಕಣ್ಣಿಗೆ ಬೀಳ್ಲಿ ಅಂತ ಹಾಕ್ಕೊಂಡಿದೀನಿ."

ಹನ್ನೊಂದು ವರ್ಷಗಳ ಹಿಂದಿನ ಮಾತು. ಮೂವರು ಅಣ್ಣತಮ್ಮಂದಿರ ಕುಟುಂಬ ಬಂದಿತ್ತು. ಫೋಟೋ ತೆಗೆದು, ದೊಡ್ಡದಾಗಿ ಮುದ್ರಿಸಿ ಕೊಟ್ಟು, ಶಹಬ್ಬಾಸ್ ಅನ್ನಿಸಿಕೊಂಡಿದ್ದೂ ಆಯಿತು. ವಾರದ ನಂತರ ಬೇಡದ ಚಿತ್ರಗಳನ್ನು ಅಳಿಸುತ್ತ ಕೂತಾಗ, ಕತ್ತರಿಸದ ಮೂಲ ಚಿತ್ರದ ಅಂಚಿನಲ್ಲಿ ಚಪ್ಪಲಿಗಳ ರಾಶಿ ಕಂಡಿತು. ಯಾಕೋ ಎಣಿಸಿದರು. ಹದಿನೇಳು ಜೊತೆ. ತಲೆ ಹದಿನಾರು. ರಾಶಿಯ ಪಕ್ಕದಲ್ಲಿ ಯಾರದೋ ಅರ್ಧ ಮೊಣಕೈ. ವಿಚಾರಿಸಿದರೆ, ಚಪ್ಪಲಿ ಕಾಯುತ್ತ ಕೂತವರು ಆ ಅಣ್ಣತಮ್ಮಂದಿರ ಅಕ್ಕ, ಮನೆಯ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ ಸೋದರತ್ತೆ.

"ಆ ಮೊಣಕೈ ಅಂದಗೆಡಿಸುತ್ತೆ ಅಂತ ನಾನೇ ಕತ್ತರಿಸಿ ಬಿಸಾಕಿದ್ದೆ ಕಣ್ರೀ. ಅವತ್ತು ಊಟ ಸೇರ್ಲಿಲ್ಲ."

ಮತ್ತೊಮ್ಮೆ ಬನ್ನಿ, ಹೊಸದಾಗಿ ತೆಗೆಯುತ್ತೇನೆ ಎಂದು ಫೋನು ಮಾಡಿದರು. "ಅಯ್ಯೋ, ಅತ್ತೆ ಏನೂ ಅಂದ್ಕೊಳ್ಳಲ್ಲ ಬಿಡಿ" ಎಂದರು ಮನೆಯವರು. ಫೋಟೋ ಅಕ್ಕ ಬಿಡಲಿಲ್ಲ. ಪ್ರತಿ ವರ್ಷ ಫೋನು. ಒಬ್ಬರಿಗೆ ರಜೆ ಇದ್ದರೆ ಇನ್ನೊಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ಹೆರಿಗೆ. ಆ ತಪ್ಪಿನ ಮಾರನೆಯ ವಾರದಿಂದ ಒಂದು ನಿಯಮವೂ ಬಂತು: ಚಪ್ಪಲಿ ಕಾಯುವುದು ಗಂಡನ ಕೆಲಸ, ಗಿರಾಕಿಗಳದ್ದಲ್ಲ. ನಿವೃತ್ತರಾದ ಅವರು ಸ್ಟೂಲು ಹಾಕಿಕೊಂಡು ಚಪ್ಪಲಿಗಳ ಪಕ್ಕ ಕೂರುತ್ತಾರೆ. "ಬಸ್ಸಲ್ಲಿ ಜನ ಕಾದೆ, ಇಲ್ಲಿ ಚಪ್ಪಲಿ ಕಾಯ್ತೀನಿ. ಚಪ್ಪಲಿ ಜಗಳ ಆಡಲ್ಲ" ಎಂದು ನಗುತ್ತಾರೆ.

ಇವತ್ತು ಬರುತ್ತಿರುವುದು ಅದೇ ಕುಟುಂಬ.

ಹನ್ನೊಂದನೆಯ ಫೋನಿಗೆ ಎಲ್ಲರ ರಜೆಯೂ ಒಂದಾಗಿದೆ. ಮಧ್ಯಾಹ್ನದ ರೈಲಿಗೆ ಅರ್ಧ ಮಂದಿ ಹೊರಡುತ್ತಾರೆ, ಮತ್ತೆ ಸೇರುವುದು ಯಾವಾಗಲೋ. ಅತ್ತೆಗೆ ಎಪ್ಪತ್ತೆರಡು. ಆಗಬೇಕಾದರೆ ಈ ಬೆಳಿಗ್ಗೆಯೇ ಆಗಬೇಕು. ಫೋಟೋ ಅಕ್ಕ ಆಕಾಶ ನೋಡಿ ಗೊಣಗುತ್ತಾರೆ, ಮೋಡ. ಬೆಳಕನ್ನು ಮುಖಗಳ ಮೇಲೆ ತಿರುಗಿಸಲು ಗಂಡ ಬಿಳಿ ಬಟ್ಟೆಯ ದೊಡ್ಡ ಚೌಕಟ್ಟು ಹಿಡಿದು ನಿಲ್ಲಲೇಬೇಕು. ಹಾಗಾದರೆ ಚಪ್ಪಲಿಗೆ ಯಾರು?

"ನೀವು ಬರೀ ಬರ್ಕೊಂಡು ಕೂತ್ರೆ ಹೇಗೆ? ಸ್ವಲ್ಪ ಕೆಲಸಕ್ಕೂ ಬನ್ನಿ. ಆ ಪಾಚಿಯ ಗೆರೆ ಇದೆಯಲ್ಲ, ಅದರಿಂದ ಕೆಳಗೆ ಚಪ್ಪಲಿ ಇಳೀಬಾರದು. ಅಲೆ ಅಲ್ಲಿವರೆಗೂ ಬರುತ್ತೆ." ಹೀಗೆ ಸ್ಟೂಲು ನನ್ನದಾಯಿತು.

ಇಪ್ಪತ್ತೊಂದು ಮಂದಿ. ಕೈಗೂಸೊಂದನ್ನು ಬಿಟ್ಟು ಇಪ್ಪತ್ತು ಜೊತೆ ಚಪ್ಪಲಿ. ಅತ್ತೆ ಬಂದವರೇ ಬಗ್ಗಿ ಎಲ್ಲವನ್ನೂ ಜೋಡಿಸಿ, ನನ್ನ ಪಕ್ಕದಲ್ಲೇ ಕೂರಲು ಹೊರಟರು. "ನೀವು ಹೋಗಿ, ನಾನು ನೋಡ್ಕೋತೀನಿ. ನಂಗೆ ಇದು ಅಭ್ಯಾಸ." ಫೋಟೋ ಅಕ್ಕ ಕೈ ಹಿಡಿದು ಕರೆದೊಯ್ದು ಸರಿಯಾಗಿ ನಡುವೆ ನಿಲ್ಲಿಸಿದರು.

ಹತ್ತು ನಿಮಿಷ ಹೋಯಿತು. ಮೋಡ ತುಸು ಸರಿಯಿತು, ಮಕ್ಕಳು ಸಾಲಿಗೆ ಬಂದರು, ಎತ್ತರದ ಅಳಿಯ ಮಂಡಿಯೂರಿದ. ಆದರೆ ಅತ್ತೆಯ ಮುಖ ಚೌಕಟ್ಟಿನೊಳಗಿದ್ದರೂ ಕಣ್ಣು ಚಪ್ಪಲಿಯ ಮೇಲೆ. "ಅತ್ತೆ, ಇಲ್ಲಿ ನೋಡಿ" ಅಂದರೆ ಒಂದು ಗಳಿಗೆ ನೋಡುತ್ತಾರೆ, ಕ್ಲಿಕ್ಕಿಸುವಷ್ಟರಲ್ಲಿ ಮತ್ತೆ ಆ ಕಡೆಗೇ. ನೂರೈವತ್ತು ಚಿತ್ರಗಳಲ್ಲಿ ಒಂದರಲ್ಲೂ ಅವರು ನೇರ ನೋಡಿಲ್ಲ. ಛಾವಣಿಗಳ ಅಂಚು ಕೆಂಪಗಾಗುತ್ತಿದೆ. ಫೋಟೋ ಅಕ್ಕನ ಹಣೆಯಲ್ಲಿ ಬೆವರು.

ಈಗ ನನ್ನ ಪ್ರತಾಪ ಹೇಳಬೇಕು. ಮಾತು ಸರಿಯಾಗಿ ಕೇಳಲಿ ಎಂದು ನಾನು ಸ್ಟೂಲನ್ನು ಆರು ಹೆಜ್ಜೆ ಕೆಳಗೆ ತಂದಿದ್ದೆ. ಕಾವಲುಗಾರನ ಜೊತೆ ಚಪ್ಪಲಿಯೂ ಇರಬೇಕಲ್ಲ, ಅವನ್ನೂ ತಂದಿದ್ದೆ. ಪಾಚಿಯ ಗೆರೆ ಮೇಲೆಲ್ಲೋ ಉಳಿದಿತ್ತು. ಹೇಳಿದ್ದಷ್ಟು ಮಾಡಿದರೆ ಪತ್ರಕರ್ತರ ಮರ್ಯಾದೆ ಏನಾಗಬೇಕು!

ಅಲೆ ಬಂತು. ನಿಂತವರೆಲ್ಲರ ಕಾಲ ಸಂದಿಯಲ್ಲಿ ನುಸುಳಿ, ನನ್ನ ಸ್ಟೂಲನ್ನು ಸುತ್ತುವರಿದು, ಚಪ್ಪಲಿಗಳನ್ನೆಲ್ಲ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿತು. ನನ್ನವೂ ಹೋದವು. ಕೆಂಪು, ಕಪ್ಪು, ಹೂವಿನವು, ಹಾವಾಯಿಗಳು, ಆ ಮನೆಯವರ ಕಾಲುಗಳ ನಡುವೆಯೇ ತೇಲುತ್ತ ಮೆರವಣಿಗೆ ಹೊರಟವು.

"ಅಯ್ಯೋ, ಚಪ್ಪಲಿ!" ಅತ್ತೆ ಬಗ್ಗಿ ಒಂದನ್ನು ಹಿಡಿದರು. ಇನ್ನೊಂದಕ್ಕೆ ಓಡಲು ಕಾಲೆತ್ತಿದರು.

"ಅತ್ತೇ, ಬಿಡಿ! ಹೋದ್ರೆ ಹೋಗ್ಲಿ! ನೀವು ಮಾತ್ರ ಎಲ್ಲೂ ಹೋಗ್ಬೇಡಿ!" ಫೋಟೋ ಅಕ್ಕನ ಕೂಗಿಗೆ ಇಡೀ ದಡ ತಿರುಗಿ ನೋಡಿತು.

ಅತ್ತೆ ನಿಂತರು. ಚಪ್ಪಲಿಗಳೆಲ್ಲ ಕೈಗೆ ಸಿಗದಷ್ಟು ದೂರ ಹೋಗಿದ್ದವು. ಕಾಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಕೈಯಲ್ಲಿದ್ದ ಒಂಟಿ ಚಪ್ಪಲಿಯನ್ನು ನೋಡಿದರು, ಕ್ಯಾಮೆರಾ ನೋಡಿದರು. ಆಮೇಲೆ ನಗತೊಡಗಿದರು. ಆ ನಗು ಎಡಕ್ಕೆ ಹಬ್ಬಿತು, ಬಲಕ್ಕೆ ಹಬ್ಬಿತು, ಕೈಗೂಸಿಗೂ ತಗುಲಿತು. ಅತ್ತೆ ಚಪ್ಪಲಿಯನ್ನು ಗೆದ್ದ ಟ್ರೋಫಿಯ ಹಾಗೆ ಮೇಲಕ್ಕೆತ್ತಿ ಹಿಡಿದರು. ಕ್ಲಿಕ್. ಮರುಕ್ಷಣ ಸೂರ್ಯ ಛಾವಣಿ ದಾಟಿ ಎಲ್ಲರೂ ಕಣ್ಣು ಕಿರಿದು ಮಾಡಿದರು.

ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಬರಿಗಾಲಲ್ಲಿ ನಿಂತು ಚಹಾ ಕುಡಿಯುವಾಗ ಅತ್ತೆಯೇ ನನಗೆ ಹೇಳಿದರು: "ಅವತ್ತು ಫೋಟೋ ಮನೆಗೆ ಬಂದಾಗ ಎಲ್ಲರೂ ಅವರವರ ಮುಖ ಹುಡುಕಿದ್ರು. ನಾನೂ ಹುಡುಕ್ದೆ, ಇರ್ಲಿಲ್ಲ. ಹೇಳಿದ್ರೆ ಸಣ್ಣತನ ಆಗುತ್ತೆ ಅಂತ ಸುಮ್ನಿದ್ದೆ. ಆದ್ರೆ ಈಯಮ್ಮ ಪ್ರತಿ ವರ್ಷ ಫೋನ್ ಮಾಡೋರು. ನನ್ನ ಲೆಕ್ಕ ಇಟ್ಟೋರು ಒಬ್ಬರಾದ್ರೂ ಇದಾರಲ್ಲ ಅನ್ಸೋದು." ಆಮೇಲೆ ಫೋಟೋ ಅಕ್ಕನ ಕಡೆ ತಿರುಗಿ, ಗೋಡೆಗೊಂದು ಇರಲಿ, ತನಗೇ ಅಂತ ಬೇರೆ ಒಂದು ಬೇಕು ಎಂದರು. ದೊಡ್ಡದೇ ಬೇಕಂತೆ.

ಸಂಜೆ ಎರಡು ಕೋಣೆಯ ಮನೆಯಲ್ಲಿ ಹದಿನಾರು ಮಂದಿಯ ಫೋಟೋ ಹನ್ನೊಂದು ವರ್ಷಗಳ ನಂತರ ಮೊಳೆಯಿಂದ ಇಳಿಯಿತು. ಅದರ ಜಾಗಕ್ಕೆ ಹೊಸದು ಏರಿತು. ಅಡ್ಡಾದಿಡ್ಡಿ ಸಾಲು, ಅರ್ಧ ಮುಚ್ಚಿದ ಕಣ್ಣುಗಳು, ನೀರಿನ ತುಂಬ ಚಪ್ಪಲಿ. ಕಲಿತವರು ನೋಡಿದರೆ ಹತ್ತು ತಪ್ಪು ಹುಡುಕಿಯಾರು. ಫೋಟೋ ಅಕ್ಕ ಕನ್ನಡಕ ಏರಿಸಿ, ಬೆರಳಿಟ್ಟು, ಎಡದಿಂದ ಬಲಕ್ಕೆ ಒಂದೊಂದಾಗಿ ಎಣಿಸಿದರು. ಇಪ್ಪತ್ತೊಂದಕ್ಕೆ ಬೆರಳು ನಿಂತಿತು.

"ಚಪ್ಪಲಿ ನಿಮ್ಮ ಕೈಗೆ ಕೊಟ್ಟಿದ್ದೆ, ಒಂದು ಜೊತೇನೂ ಉಳೀಲಿಲ್ಲ," ಎಂದರು ನನ್ನ ಬರಿಗಾಲು ನೋಡಿ. "ತಲೆ ನನ್ನ ಕೈಲಿತ್ತು. ಒಂದೂ ತಪ್ಪಲಿಲ್ಲ."