ಅತ್ತೆಯವರ ವೇಗ

ಬೆಳಕು ಹರಿಯುವ ಮೊದಲೇ ಶೂ ಲಾಡಿ ಬಿಗಿದು ಬಾಗಿಲಲ್ಲಿ ನಿಲ್ಲುವ ಅತ್ತೆಯವರನ್ನು ಕಂಡರೆ ಅಳಿಯನಿಗೆ ಹೊದಿಕೆಯ ಮೇಲೆ ಪ್ರೀತಿ ಉಕ್ಕುತ್ತದೆ. ಹೃದಯಾಘಾತವಾದ ಅವರನ್ನು ಒಬ್ಬರೇ ಕಳಿಸಬಾರದೆಂದು ಮನೆಯವರು ಇವನನ್ನು ಕಾವಲಿಗೆ ಹಚ್ಚಿದ್ದಾರೆ; ಈಗ ಯಾರು ಯಾರಿಗೆ ಕಾವಲೋ ದೇವರೇ ಬಲ್ಲ. ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿರುವ ತಮ್ಮ ಅಕ್ಕನ ಮನೆ ಹತ್ತಬೇಕು, ಅತ್ತೆಯವರದು ಅದೊಂದೇ ಹಟ. 'ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು' ಎಂದು ಡಾಕ್ಟರು ಹೇಳಿದ್ದೇ ತಡ, ಹಾಲಿನಂಗಡಿಯವನು ಮೀಸೆ ತೆಗೆಸಿದ್ದರಿಂದ ಹಿಡಿದು ಎದುರುಮನೆ ದಂಪತಿಯ ಮುನಿಸಿನವರೆಗೆ ಊರ ಸುದ್ದಿಯೆಲ್ಲ ಔಷಧಿಯಾಯಿತು. ನಡುವೆ ಒಂದು ಸಾಲು ಹಾಡಿ ನೋಡುತ್ತಾರೆ. ಸಲೀಸಾಗಿ ಬಂತೋ, 'ಅಯ್ಯೋ, ನಿಧಾನ ಆಯ್ತು!' ಎಂದು ಬಿರುಸಾಗುತ್ತಾರೆ. 'ಏನು ಅಳಿಯಂದಿರೇ, ಹೊಟ್ಟೆ ಮುಂದೆ ಬರ್ತಿದೆ, ನೀವು ಹಿಂದೆ ಬರ್ತಿದ್ದೀರಿ!' ಎಂದರೆ ಅವನಿಗೆ ಹೂಂಗುಟ್ಟಲೂ ಉಸಿರಿರುವುದಿಲ್ಲ. ಮಂಡಿನೋವಿನ ಅಕ್ಕ ಇಳಿಯಲಾರದೆ, ಇವರು ಹತ್ತಲಾರದೆ, ಒಂದು ವರ್ಷ ಅತ್ತೆಯವರು ಬೀದಿಯಲ್ಲಿ ನಿಂತು, ಬಾಲ್ಕನಿಯತ್ತ ಕತ್ತೆತ್ತಿ ನೋಡುತ್ತಾ ಫೋನಿನಲ್ಲೇ ಮಾತಾಡಿದ್ದರು. ಡಾಕ್ಟರು ಒಪ್ಪಿದ ಇವತ್ತು, ಮಹಡಿಗೊಮ್ಮೆ ನಿಂತು ಸುಧಾರಿಸಿಕೊಂಡು, ಹತ್ತಿಯೇಬಿಟ್ಟರು. ಬಾಗಿಲು ತೆರೆದ ಅಕ್ಕ ತಂಗಿಯ ಕೆನ್ನೆ ಹಿಡಿದು, 'ಸುಸ್ತಾಯ್ತೇನೇ?' ಎಂದರು, ಅಳುತ್ತಾ. ಉತ್ತರ ಇಡೀ ಕಟ್ಟಡಕ್ಕೆ ಕೇಳಿಸಿತು: 'ನನಗೇನು ಧಾಡಿ? ಮೊದಲು ಅಳಿಯಂದಿರಿಗೊಂದು ಕುರ್ಚಿ ಹಾಕೇ ಅಕ್ಕಾ, ಇನ್ನೂ ಎರಡನೇ ಮಹಡೀಲಿದ್ದಾರೆ!'