ಗಟ್ಟಿಯಾಗಿ ಓದುವ ಜಗಲಿ

ಮಕ್ಕಳು ಹೇಗೆ ಕಲಿಯುತ್ತಾರೆ ಎಂಬ ಪುಸ್ತಕ ಓದುವ ಆಸೆಯಿಂದ ಕಡಬದ ಹತ್ತಿರದ ನಮ್ಮ ಪಂಚಾಯತ್ ಲೈಬ್ರರಿಗೆ ಹೋದೆ. ಹೊಸ ಲೈಬ್ರರಿಯನ್ ನನ್ನ ಕೈಯಲ್ಲಿದ್ದ ಬೀಡಿ ಕಟ್ಟುವ ಮೊರ ನೋಡಿದರು.

“ನೀವು ಓದುದಾ?”

“ಬೀಡಿ ಕಟ್ಟುವ ನಾವೆಲ್ಲ ಓದುದು ಸರ್. ನಮ್ಮಲ್ಲೊಬ್ಬಳು ಝೊಹರಾ ಗಟ್ಟಿಯಾಗಿ ಓದ್ತಾಳೆ, ನಾವು ಬೀಡಿ ಕಟ್ತಾ ಕೇಳುದು. ಅವಳ ಪಾಲಿನ ಬೀಡಿಯನ್ನೂ ನಾವೇ ಕಟ್ಟಿ ಕೊಡುದು.”

“ಈ ಪುಸ್ತಕ ಮನೆಗೆ ಕೊಡ್ಲಿಕ್ಕಿಲ್ಲ. ಇಲ್ಲೇ ಕೂತು ಓದಿ, ಸದ್ದು ಮಾಡ್ಬೇಡಿ.”

ಬೀಡಿ ಕಟ್ಟುವವಳು ಪುಟ ತಿರುಗಿಸಲು ಮೂರನೇ ಕೈ ಎಲ್ಲಿಂದ ತರುದು? ಮರುದಿನ ನಾವೆಲ್ಲ ಮೊರ ಹಿಡಿದು ಲೈಬ್ರರಿಯ ಜಗಲಿಯಲ್ಲೇ ಕೂತೆವು. ಝೊಹರಾ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಓದಿದಳು. ಲೈಬ್ರರಿಯನ್ ಎದ್ದು ಬಂದರು. ಬಾಗಿಲಲ್ಲೇ ನಿಂತು ಒಂದು ಪುಟ ಪೂರ್ತಿ ಕೇಳಿ, ಆಮೇಲೆ ನಿಯಮ ನೆನಪಾದವರಂತೆ ಬಾಯಿ ತೆರೆದರು.

“ಕೇಳುದಾದ್ರೆ ಕೂತ್ಕೊಳ್ಳಿ ಸರ್,” ಎಂದೆ. “ಸದ್ದು ಮಾಡ್ಬೇಡಿ.”